ಹೊಸನಗರದ ಬಾವಿಯ ರೋಮನ್ ನಾಣ್ಯಗಳು

ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದಾಗ ನಾನು ಸಾಗರದ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ನಾಣ್ಯ ವಿಭಾಗ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ, ಹೊಸನಗರದ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ನಾಗರಾಜ ಸ್ಟೀಲ್ ಡಬ್ಬಿಯೊಂದನ್ನು ತಂದ. ಹದಿನೆಂಟು ವರ್ಷ ನಾವಿಬ್ಬರೂ ಜೊತೆಯಾಗಿ ಊರೂರು ಸುತ್ತಿ, ಕಲ್ಲಿನ ಮೇಲೆ ಕಾಗದ ಒತ್ತಿ ಶಾಸನಗಳ ಪಡಿಯಚ್ಚು ತೆಗೆದವರು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಡಬ್ಬಿಯಲ್ಲಿ ಕೆಂಪು ಮಣ್ಣು ಮೆತ್ತಿದ ಹನ್ನೊಂದು ಕಂಚಿನ ನಾಣ್ಯಗಳಿದ್ದವು. "ಬಾವಿ ತೋಡುವಾಗ ಸಿಕ್ವು ಅಕ್ಕ. ನೋಡಿ, ಗ್ರೀಕ್ ಅಕ್ಷರ!"

ಭೂತಗನ್ನಡಿ ಹಿಡಿದು ನೋಡಿದೆ. ಅವು ರೋಮನ್ ಪ್ರಾಂತೀಯ ನಾಣ್ಯಗಳು. ರೋಮ್‌ನ ಅಧೀನದಲ್ಲಿದ್ದ, ಗ್ರೀಕ್ ಆಡುವ ನಗರಗಳು ಒಂದು ಬದಿಗೆ ಚಕ್ರವರ್ತಿಯ ಮುಖ, ಇನ್ನೊಂದು ಬದಿಗೆ ತಮ್ಮೂರಿನ ದೇವರನ್ನೋ ಗುಡಿಯನ್ನೋ ಅಚ್ಚೊತ್ತಿ ಹೊರಡಿಸಿದ ಚಿಲ್ಲರೆ. ಕಡಲು ದಾಟಿ ನಮ್ಮಲ್ಲಿಗೆ ಬಂದದ್ದು ಹೆಚ್ಚಾಗಿ ಚಿನ್ನ, ಬೆಳ್ಳಿ. ಈ ಚಿಲ್ಲರೆ ಹುಟ್ಟಿದೂರಿನ ಸುತ್ತಲೇ ಸವೆಯುತ್ತಿತ್ತು. ಹೊಸನಗರದ ಮೇಲೆ ಪ್ರಾಚೀನ ವ್ಯಾಪಾರದ ದಾರಿ ಹಾದುಹೋಗಿತ್ತು ಎಂದು ನಾಗರಾಜ ವರ್ಷಗಟ್ಟಲೆ ಹೇಳುತ್ತಿದ್ದ. ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಸಾಕ್ಷಿ ಸಿಕ್ಕಿತ್ತು: ಊರು ಬಿಡದ ಆ ಚಿಲ್ಲರೆ ಇಲ್ಲಿ ಸಿಕ್ಕಿದೆಯೆಂದರೆ ಅಲ್ಲಿಯವರೇ ತಂದಿರಬೇಕು.

ನಾಣ್ಯ ಸಿಕ್ಕ ಜಾಗವನ್ನು ಮೊದಲು ನೋಡಬೇಕು, ಆಮೇಲೆ ವರದಿಗೆ ಸಹಿ. ಅದು ನಿಯಮ. ಬಾವಿಗೆ ಸಿಮೆಂಟ್ ರಿಂಗ್ ಇಳಿಸಿಯಾಗಿದೆ, ನೋಡಲು ಏನೂ ಉಳಿದಿಲ್ಲ ಎಂದ ನಾಗರಾಜ. ನಂಬಿದೆ. ಪ್ರಾಥಮಿಕ ವರದಿಗೆ ಸಹಿ ಹಾಕಿದೆ. ತೀರ್ಥಹಳ್ಳಿಯ ವಿಚಾರ ಸಂಕಿರಣದಲ್ಲಿ ಇಬ್ಬರೂ ಮಂಡಿಸುವುದೆಂದು ಆಹ್ವಾನ ಪತ್ರಿಕೆಯೂ ಅಚ್ಚಾಯಿತು.

ಸಂಕಿರಣಕ್ಕೆ ನಾಲ್ಕು ದಿನ ಮುಂಚೆ, ಫೋಟೋಕ್ಕೆಂದು ಒಂದು ನಾಣ್ಯ ಶುಚಿ ಮಾಡಲು ಕೂತೆ. ನೀರಲ್ಲಿ ನೆನೆಸಿದರೂ ಮಣ್ಣು ಬಿಡಲಿಲ್ಲ. ಅಸಿಟೋನ್ ಎಂಬ ದ್ರಾವಕ ಹನಿಸಿದೆ. ಕೆಂಪು ಮಣ್ಣು ಹಾಲಿನ ಕೆನೆಯಂತೆ ಸುಲಿದು ಬಂತು. ಮಣ್ಣನ್ನು ಅಂಟಿನಲ್ಲಿ ಕಲಸಿ ಬಳಿದಿದ್ದರು. ಅದರಡಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದ್ದ ಹಳೆಯ ಮಣ್ಣು ಮರಳಿನ ಬಣ್ಣದ್ದು, ನಮ್ಮ ಸೀಮೆಯದಲ್ಲ. ಉಳಿದ ಹತ್ತೂ ಹಾಗೇ. ನಾಣ್ಯಗಳು ಅಸಲಿ, ಬಾವಿಯ ಕಥೆ ಸುಳ್ಳು.

ನಾಗರಾಜನನ್ನು ಕರೆಸಿದೆ. ಮೇಜಿನ ಮೇಲೆ ಟ್ರೇಯಲ್ಲಿ ಶುಚಿ ಮಾಡಿಟ್ಟ ನಾಣ್ಯಗಳನ್ನು ನೋಡಿದವನೇ ಕುರ್ಚಿ ಎಳೆದು ಕೂತ.

"ಆನ್‌ಲೈನಲ್ಲಿ ತರಿಸ್ದೆ ಅಕ್ಕ. ಆದ್ರೆ ದಾರಿ ಇದ್ದಿದ್ದು ಸುಳ್ಳಲ್ಲ."

"ನನ್ನ ಹತ್ರಾನೇ ಯಾಕೆ ತಂದೆ?"

"ನಿಮ್ಮ ಸಹಿ ಇದ್ರೆ ಯಾರೂ ಮತ್ತೆ ಕೇಳಲ್ಲ ಅಂತ."

ಹದಿನೆಂಟು ವರ್ಷದ ನಂಟು ಅವನಿಗೆ ರಬ್ಬರ್ ಸ್ಟ್ಯಾಂಪಾಗಿತ್ತು. ಹೊರಗೆ ಹೋಗು ಎಂದೆ.

ತೀರ್ಥಹಳ್ಳಿಯಲ್ಲಿ ಒಬ್ಬಳೇ ವೇದಿಕೆ ಹತ್ತಿ ವರದಿ ಹಿಂತೆಗೆದುಕೊಂಡೆ. ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಹಾಗಾದ್ರೆ ಮೇಡಂ, ನೀವಿಬ್ರೂ ಸೇರಿ ಓದಿದ ಶಾಸನಗಳನ್ನ ನಂಬೋದು ಹೇಗೆ?"

ಮತ್ತೆ ಓದಿ ಹೇಳುತ್ತೇನೆ ಎಂದೆ. ಉಳಿದ ತಿಂಗಳುಗಳಲ್ಲಿ ಪ್ರತಿ ಕಲ್ಲಿನ ಮುಂದೆಯೂ ನಿಂತು ಮತ್ತೆ ಓದಿದೆ. ನಾಗರಾಜನ ಓದಿನಲ್ಲಿ ಒಂದೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಅವನನ್ನು ಮರೆಯುವುದು ಸುಲಭವಾಗುತ್ತಿತ್ತೇನೋ.

ಅಪರಿಚಿತರು ತಂದದ್ದನ್ನು ನಾವು ಹೇಗೂ ಪರೀಕ್ಷಿಸುತ್ತೇವೆ. ನಮಗೆ ಬೇಕಾದವರು ತಂದದ್ದನ್ನು ಇನ್ನೂ ಬೇಗ ಪರೀಕ್ಷಿಸಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಮೊದಲ ದಿನವೇ ಪರೀಕ್ಷಿಸಿದ್ದರೆ ಅವನಿಗೆ ಬೈದು ಕಳಿಸುತ್ತಿದ್ದೆ, ವಿಷಯ ನಮ್ಮಿಬ್ಬರಲ್ಲೇ ಮುಗಿಯುತ್ತಿತ್ತು.