ಸೌಕಾರರ ಬಾಯಲ್ಲಿ ಶಭಾಷ್

ಸಾಕುನಾಯಿಗಳಿಗೆ ಹೊಡೆಯದೆ, ಬೈಯದೆ, ತಿನಿಸು ಕೊಟ್ಟು ಹೊಗಳಿ ಕಲಿಸುವುದು ನನ್ನ ಕೆಲಸ. ಕಷ್ಟ ಬರುವುದು ನಾಯಿ ಸಾಕಿದವರಿಗೆ ಕಲಿಸುವಾಗ. ಹಿರಿಯೂರಿನ ಕೊಬ್ಬರಿ ಸೌಕಾರರೊಬ್ಬರು ಮಂಡಿಗೆ ಕರೆಸಿ, "ಈ ಲ್ಯಾಬ್ರಡಾರ್ ನನ್ ಮಾತೇ ಕೇಳಲ್ಲ ಕಣ್ರಿ" ಅಂದರು.

"ಕೂತ್ಕೋ ಅನ್ರಿ. ಕೂತ ತಕ್ಷಣ ಚೂರು ಕೊಬ್ಬರಿ ಕೊಟ್ಟು ಶಭಾಷ್ ಅನ್ರಿ" ಅಂದೆ.

ಕೊಬ್ಬರಿ ಚೂರು ಕಂಡ ನಾಯಿ ಕೂತಿತು. ಸೌಕಾರರು ಕೊಬ್ಬರಿ ಕೊಟ್ಟರು, ಬಾಯಿ ಮಾತ್ರ ತೆರೆಯಲಿಲ್ಲ.

"ಹೊಗಳ್ರಿ ಸಾರ್."

"ಹೊಗಳಿದ್ರೆ ತಲೆ ಮೇಲೆ ಕುಂತ್ಕಳ್ತಾವೆ. ನಮ್ಮಪ್ಪನ ಕಾಲದಿಂದ ಮಂಡಿ ನಡೀತೈತೆ, ಯಾರಿಗೂ ಆ ಮಾತು ಅಂದಿಲ್ಲ."

ನಾನು ಬಿಡಲಿಲ್ಲ. ಕೊನೆಗೆ ಅವರು ನಾಚಿಕೊಂಡು ಗೋಡೆ ಕಡೆ ತಿರುಗಿ, "ಶಭಾಷ್ ಮಗನೇ" ಅಂದುಬಿಟ್ಟರು.

ಆ ಗೋಡೆ ಪಕ್ಕ ಕೂತು ಕಾಯಿ ಸುಲಿಯುತ್ತಿದ್ದ ಹಳೇ ಆಳು ತಿಪ್ಪೇಸ್ವಾಮಿ ದಡಕ್ಕನೆ ಎದ್ದು ನಿಂತ. ಮುಖವೆಲ್ಲ ಅರಳಿತ್ತು. "ನನಗಾ ಸೌಕಾರ್ರೇ?"

ಸೌಕಾರರು ನನ್ನನ್ನು ನೋಡಿದರು, ನಾಯಿಯನ್ನು ನೋಡಿದರು. "ಹೂಂ ಕಣಲೇ, ನಿನಗೇ" ಅಂದರು.

ತಿಪ್ಪೇಸ್ವಾಮಿ ಮತ್ತೆ ಕೂತವನು ಎರಡರಷ್ಟು ಚುರುಕಾಗಿ ಸುಲಿಯತೊಡಗಿದ. ಸೌಕಾರರು ಅದನ್ನೇ ನೋಡುತ್ತಾ ನಿಂತಿದ್ದು, ನನ್ನನ್ನು ಬಾಗಿಲ ತನಕ ಕಳಿಸಲು ಬಂದಾಗ ಮೆತ್ತಗೆ ಕೇಳಿದರು: "ಹಿಂಗೆ ಅಂತಿದ್ರೆ ಕೂಲಿ ಜಾಸ್ತಿ ಮಾಡೋದು ಬ್ಯಾಡ ಅಲ್ವೇನ್ರಿ?"

"ಬರೀ ಶಭಾಷ್ ಅಂದ್ರೆ ನಾಯಿನೂ ಕೂರಲ್ಲ ಸಾರ್" ಅಂದೆ.