ಪಿಕಪ್ಪಿನ ಎರಡನೇ ಟಾಕಿ

ನಿಮ್ಮ ಅಜ್ಜನ ಪಿಕಪ್ ಗಾಡಿಯನ್ನು ನೀವು ಫೋಟೋದಲ್ಲಷ್ಟೇ ನೋಡಿದ್ದೀರಿ. ಅದರ ಮುಂದೆ ಅವರು ಕೈ ಕಟ್ಟಿ ನಿಂತಿದ್ದಾರೆ, ನಾನು ಅರ್ಧ ಬಾಗಿಲ ಮರೆಯಲ್ಲಿದ್ದೇನೆ. ಗಾಡಿಯ ಹಿಂಭಾಗ ಆ ಫೋಟೋದಲ್ಲಿ ಬಂದಿಲ್ಲ. ಅಲ್ಲಿ, ಡ್ರೈವರ್ ಕೂರುವ ಕ್ಯಾಬಿನ್ನಿನ ಬೆನ್ನಿಗೆ ಒತ್ತಿ, ಇನ್ನೊಂದು ಡೀಸೆಲ್ ಟಾಕಿ ಇತ್ತು. ಅಜ್ಜನ ಬಗ್ಗೆ ಏನಾದರೂ ಹೇಳು ಎಂದು ನೀವು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ದುಬಲಗುಂಡಿಯ ಶಾಲೆಯಲ್ಲಿ ಕಲಿತಷ್ಟು ಅಕ್ಷರದಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಡೀಸೆಲ್ಲಿಗೆ ಬಹಳ ತತ್ವಾರವಾಗಿತ್ತು. ಬಸವಕಲ್ಯಾಣದಲ್ಲಿ ಸಿಕ್ಕರೆ ಹುಮನಾಬಾದಿನಲ್ಲಿ ಇಲ್ಲ, ಅಲ್ಲಿ ಸಿಕ್ಕರೆ ಇಲ್ಲಿ ಇಲ್ಲ. ತೊಗರಿ ಚೀಲ, ಕಿರಾಣಿ ಸಾಮಾನು ಹೇರಿಕೊಂಡು ಹೋದ ಗಾಡಿಗಳು ಪಂಪಿನ ಮುಂದೆ ಎತ್ತುಗಳ ಹಾಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ನಿಮ್ಮ ಅಜ್ಜ ಆ ಸಾಲಿನಲ್ಲಿ ನಿಂತು ಸುಮ್ಮನೆ ಬೈದುಕೊಳ್ಳುವವರಲ್ಲ. ಹುಮನಾಬಾದಿನ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿನ ಟಾಕಿ ಮಾಡಿಸಿದರು. ಹಾಸಿಗೆ ಇಡುವ ಟ್ರಂಕಿನ ಎತ್ತರ, ಅದಕ್ಕಿಂತ ಕಿರಿದು. ಅದರ ತಳದಿಂದ ಒಂದು ಪೈಪು ಗಾಡಿಯ ಹೊಟ್ಟೆಯಡಿ ಇರುವ ಮೊದಲ ಟಾಕಿಗೆ ಇಳಿಯುತ್ತಿತ್ತು, ನಡುವೆ ಒಂದು ನಳ. ಕೆಳಗಿನದು ಖಾಲಿಯಾಗುತ್ತ ಬಂದರೆ ನಳ ತಿರುಗಿಸುವುದು, ಮೇಲಿನದು ತಾನಾಗಿ ಕೆಳಗಿಳಿಯುವುದು. ಪಂಪು ಬೇಡ, ವಾಯರು ಬೇಡ. ಇಷ್ಟು ಸರಳವಾದದ್ದು ಬೇರೆ ಗಾಡಿಯವರಿಗೆ ಯಾಕೆ ಹೊಳೆಯಲಿಲ್ಲವೋ ಎಂದು ನಾನು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಎಲ್ಲೋ ಡೀಸೆಲ್ ಧಾರಾಳವಾಗಿ ಸಿಕ್ಕ ಒಂದು ದಿನ ಆ ಟಾಕಿಯನ್ನು ಬಾಯಿತನಕ ತುಂಬಿಸಿಕೊಂಡು ಬಂದರು. ಮನೆಯವರನ್ನೆಲ್ಲ ಕರೆದು ಹೇಳಿದರು. "ಇದು ಮೀಸಲು. ವ್ಯಾಪಾರಕ್ಕ ಒಂದು ಹನಿ ಮುಟ್ಟಂಗಿಲ್ಲ. ಮನಿ ಕೆಲಸ ಬಿದ್ದಾಗಷ್ಟೇ."

ಮನೆ ಕೆಲಸ ಬೇಗನೆ ಬಿತ್ತು. ಅದು ನನ್ನ ನಾದಿನಿಯದು, ಅಂದರೆ ಅಜ್ಜನ ತಂಗಿಯದು. ಅವಳು ಮೆಟ್ರಿಕ್ ಪಾಸಾಗಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ್ದಳು. ಗುಲಬರ್ಗಾದಲ್ಲಿ ಸಂದರ್ಶನ. ಇತ್ತ ನಮ್ಮ ಅತ್ತೆಯ ತಮ್ಮ, ಹಳ್ಳಿಖೇಡದವರು, ಹುಡುಗಿಯನ್ನು ತಮ್ಮ ಮಗನಿಗೆ ತಂದುಕೊಳ್ಳಬೇಕೆಂದು ವರ್ಷದಿಂದ ಬಾಗಿಲು ತಟ್ಟುತ್ತಿದ್ದರು. ಅತ್ತೆಯ ಗಂಡ, ನನ್ನ ಮಾವ, ತೀರಿಕೊಂಡಿದ್ದರು, ತವರಿನ ಮಾತನ್ನು ತೆಗೆದುಹಾಕುವುದು ಅತ್ತೆಗೆ ಸುಲಭವಿರಲಿಲ್ಲ. ಕೊನೆಗೆ ಹೀಗೆ ಮಾತಾಗಿತ್ತು. ಹುಡುಗಿ ಆಯ್ಕೆಯಾದರೆ ಓದಲಿ, ಆಗದಿದ್ದರೆ ಹಳ್ಳಿಖೇಡದ ಸೋದರಮಾವನ ಮನೆಗೆ. ನಾದಿನಿಗೆ ಆ ಮದುವೆ ಬೇಡವಾಗಿತ್ತು. ಅದನ್ನು ನನ್ನ ಮುಂದೆ ಮಾತ್ರ, ರೊಟ್ಟಿ ಬಡಿಯುತ್ತ ಹೇಳಿದ್ದಳು. "ವೈನಿ, ಅಲ್ಲಿ ಹೋದ್ರ ನಾ ಪುಸ್ತಕದ ಮಾರಿ ಮತ್ತ ನೋಡಂಗಿಲ್ಲ."

ಡೀಸೆಲ್ ಇಲ್ಲದೆ ಬಸ್ಸುಗಳೂ ಅರ್ಧಕ್ಕರ್ಧ ನಿಂತುಹೋಗಿದ್ದವು. ಹಾಗಾಗಿ ಪಿಕಪ್ಪಿನಲ್ಲೇ ಹೊರಟೆವು. ಮುಂದೆ ಅಜ್ಜ, ಅತ್ತೆ, ನಡುವೆ ನಾದಿನಿ. ಹಿಂದೆ ಗೋಣಿಚೀಲ ಮಡಚಿ ಹಾಸಿಕೊಂಡು, ಹೊಸ ಟಾಕಿಗೆ ಬೆನ್ನು ಕೊಟ್ಟು ನಾನು. ಗಾಡಿ ತಿರುವಿನಲ್ಲಿ ಹೊರಳಿದಾಗಲೆಲ್ಲ ಒಳಗಿನ ಡೀಸೆಲ್ ತುಂಬಿದ ಕೊಡದಂತೆ ತುಳುಕುವುದು ಬೆನ್ನಿಗೆ ತಾಗುತ್ತಿತ್ತು. ಮಾಣಿಕನಗರದ ಗುಡಿಯ ಕಡೆ ತಿರುಗಿ ಅತ್ತೆ ಕೂತಲ್ಲೇ ಕೈಮುಗಿದರು. ಹುಮನಾಬಾದ್ ದಾಟಿದ ಮೇಲೆ ಅಜ್ಜ ಗಾಡಿ ನಿಲ್ಲಿಸಿ ಹಿಂದೆ ಬಂದು ನಳ ತಿರುಗಿಸಿದರು. ಪೈಪಿನಲ್ಲಿ ಡೀಸೆಲ್ ಇಳಿಯುವ ಸದ್ದು ನನಗೂ ಕೇಳಿಸಿತು.

"ಆತು. ಇನ್ನ ಗುಲಬರ್ಗಾತನಕ ಚಿಂತಿಲ್ಲ," ಎಂದರು.

ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಆ ಗಾಡಿಯಲ್ಲಿ ಎಂದೋ ಕೆಟ್ಟಿತ್ತು. ನಳ ಬಿಟ್ಟಾಗಿದೆ ಎಂಬ ಧೈರ್ಯದಲ್ಲಿ ಅಜ್ಜ ಓಡಿಸಿದರು. ಕಮಲಾಪುರ ಇನ್ನೂ ಮುಂದಿತ್ತು, ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಅಜ್ಜ ಇಳಿದು ಕೆಳಗಿನ ಟಾಕಿಗೆ ಕಡ್ಡಿ ಹಾಕಿ ನೋಡಿದರು. ಒಣಗಿತ್ತು. ಮೇಲಿನದನ್ನು ಬೆರಳಿನಿಂದ ತಟ್ಟಿದರು. ತುಂಬಿತ್ತು. ನಳ ಬಿಟ್ಟೇ ಇದೆ, ಆದರೆ ಡೀಸೆಲ್ ಇಳಿಯುತ್ತಿಲ್ಲ. ಪೈಪು ಬಿಚ್ಚಿ ನಳದ ಬಾಯಿಗೆ ತಂತಿ ತೂರಿಸಿ ಎಳೆದರು. ಅಂಗೈಗೆ ನಾಲ್ಕಾರು ಕಾಳು ಬಿದ್ದವು.

"ಜ್ವಾಳ," ಎಂದರು ಅಜ್ಜ, ತಮ್ಮ ಕಣ್ಣನ್ನು ತಾವೇ ನಂಬದವರಂತೆ.

"ಟಾಕ್ಯಾಗ ಜ್ವಾಳ ಎಲ್ಲಿಂದ ಬಂತಣ್ಣಾ?" ಅಜ್ಜನ ಹಿಂದೆಯೇ ಇಳಿದಿದ್ದ ನಾದಿನಿ ಕೇಳಿದಳು.

ಕ್ಯಾಬಿನ್ನಿನಿಂದ ಅತ್ತೆ ನಿಧಾನವಾಗಿ ಇಳಿದರು. "ನಾನಾ ಹಾಕೇನಿ. ಹೊಸ ಭಾಂಡೆ ಬರಿದು ಹೊಸ್ತಿಲಿಗಿ ಬರಬಾರದು. ನೀವು ಟಾಕಿ ಅಂದ್ರಿ. ಎಣ್ಣಿ ತುಂಬೂದು ಭಾಂಡೆ ಅಲ್ಲೇನು?"

ನಮ್ಮ ಕಡೆ ಹಂಡೆಯಾಗಲಿ ಕೊಡವಾಗಲಿ, ಯಾವ ಭಾಂಡೆ ಹೊಸದಾಗಿ ತಂದರೂ ಒಳಗೆ ಒಂದು ಬೊಗಸೆ ಜೋಳ ಹಾಕಿಯೇ ಮನೆ ತುಂಬಿಸಿಕೊಳ್ಳುತ್ತೇವೆ. ವೆಲ್ಡಿಂಗ್ ಅಂಗಡಿಯಿಂದ ಗಾಡಿ ಬಂದು ನಿಂತಾಗ ಅತ್ತೆ ಆ ಶಾಸ್ತ್ರವನ್ನು ಯಾರಿಗೂ ಹೇಳದೆ ಮುಗಿಸಿದ್ದರು. ಮಗನ ದುಡಿಮೆಯ ವಸ್ತುವಿಗೆ ಅದನ್ನು ಬಿಡುವುದು ಅವರಿಂದ ಆಗುವ ಮಾತಲ್ಲ.

ಬೇರೆ ಗಂಡಸರಾಗಿದ್ದರೆ ನಡುರಸ್ತೆಯಲ್ಲಿ ತಾಯಿಗೆ ಏನೆನ್ನುತ್ತಿದ್ದರೋ. ಅಜ್ಜ ಕಾಳುಗಳನ್ನು ಅಂಗೈಯಲ್ಲಿ ಉರುಳಿಸಿದರು.

"ಭಾಂಡೇನೇ ಬಿಡವ್ವಾ, ನೀ ಅಂದದ್ದು ಖರೇ ಅದ. ಜ್ವಾಳ ಅಷ್ಟೇ ಹಾಕೀದಿ, ಇಲ್ಲಾ ಬೆಲ್ಲಾನೂ ಹಾಕೀದೇನು?"

"ಬೆಲ್ಲ ಅವತ್ತು ಮನ್ಯಾಗ ತೀರಿತ್ತು."

"ದೇವರು ದೊಡ್ಡಾವ," ಎಂದು ಅಜ್ಜ ನಕ್ಕರು.

ನಾದಿನಿ ನಗಲಿಲ್ಲ. "ನಿಮಗ ನಗಿ ಬರಾಕತ್ತದ. ಅಲ್ಲಿ ಹೆಸರು ಕರದು ಬಾಗಲಾ ಹಾಕಿಬಿಡ್ತಾರ," ಎಂದು ಅಳುವುದಕ್ಕೇ ಶುರುಮಾಡಿದಳು. ನಳದ ಬಾಯಿ ಬಿಡಿಸಿದರೆ ಮತ್ತೆರಡು ಕಾಳು ಬಂದು ಕೂರುತ್ತಿದ್ದವು. ಬೊಗಸೆ ಜೋಳವನ್ನು ಒಂದೊಂದೇ ಕಾಳಾಗಿ ಆರಿಸುವಷ್ಟು ಹೊತ್ತು ನಮ್ಮಲ್ಲಿರಲಿಲ್ಲ.

ಅಜ್ಜ ಸ್ವಲ್ಪ ಯೋಚಿಸಿ ಸೀಟಿನ ಕೆಳಗಿಂದ ರಬ್ಬರ್ ಪೈಪು ತೆಗೆದರು. ಅದರ ಒಂದು ತುದಿಯನ್ನು ಮೇಲಿನ ಟಾಕಿಯ ಬಾಯಿಂದ ಒಳಗೆ ಬಿಟ್ಟು, ತಳಕ್ಕೆ ಮುಟ್ಟದಂತೆ ಹಿಡಿದುಕೋ ಎಂದು ನನಗೆ ಕೊಟ್ಟರು. ಇನ್ನೊಂದು ತುದಿಯನ್ನು ಬಾಯಿಂದ ಎಳೆದು ಕೆಳಗಿನ ಟಾಕಿಗೆ ಹಾಕುವುದು. ಆದರೂ ಕಾಳು ಜೊತೆಗೆ ಇಳಿದರೆ ಕೆಳಗಿನದೂ ಕಟ್ಟಿಕೊಳ್ಳುತ್ತದೆ. ಸೋಸಲು ತೆಳುವಾದ ಬಟ್ಟೆ ಬೇಕು. ಅಜ್ಜನ ಟವೆಲಿನ ತುಂಬ ಮಣ್ಣು. ನಾದಿನಿ ತನ್ನ ಇಸ್ತ್ರಿ ಸೀರೆಯ ಕಡೆ ನೋಡಿಕೊಂಡಳು.

"ಸರೀರಿ ಎಲ್ಲಾರೂ," ಎಂದು ಅತ್ತೆ ಮುಂದೆ ಬಂದರು. ತಲೆಯ ಮೇಲಿನ ಸೆರಗನ್ನು ಎಳೆದು, ಕೆಳಗಿನ ಟಾಕಿಯ ಬಾಯಿಗೆ ಬಿಗಿಯಾಗಿ ಹಿಡಿದು ಕುಕ್ಕರಗಾಲಲ್ಲಿ ಕೂತರು.

ಮಕ್ಕಳೇ, ಆ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಅತ್ತೆಯ ತಲೆ ಬರಿದಾಗಿದ್ದನ್ನು ಗಂಡಸರೆದುರು ಕಂಡಿರಲಿಲ್ಲ. ಸ್ವಂತ ತಮ್ಮ ಬಂದರೂ ಸೆರಗು ಸರಿಮಾಡಿಕೊಂಡೇ ಮಾತಾಡುವವರು. ಅಂದು ದೊಡ್ಡ ರಸ್ತೆಯ ಪಕ್ಕ, ಬೆಳ್ಳಗಾದ ಕೂದಲು ಗಾಳಿಗೆ ಹಾರುತ್ತಿದ್ದರೂ, ಅವರ ಕಣ್ಣು ಸೆರಗಿನಿಂದ ಆಚೆ ಹೋಗಲಿಲ್ಲ.

ಅಜ್ಜ ಪೈಪು ಎಳೆದರು. ಬಾಯಿತುಂಬ ಡೀಸೆಲ್ ಬಂತು, ಉಗುಳಿದರು, ಧಾರೆ ಸೆರಗಿನ ಮೇಲೆ ಬಿತ್ತು. ಪೈಪಿನ ಆ ತುದಿಯನ್ನು ನಾದಿನಿ ಹಿಡಿದಳು. ಬಾಳೆಗೊನೆ ಹೇರಿದ ಲಾರಿಯೊಂದು ನಿಧಾನ ಮಾಡಿತು.

"ಯವ್ವಾ, ಮಜ್ಜಿಗಿ ಸೋಸಾಕತ್ತೀರೇನ್ರಿ?" ಡ್ರೈವರ್ ಕತ್ತು ಹೊರಹಾಕಿ ಕೇಳಿದ.

ಅತ್ತೆ ತಲೆಯೆತ್ತಲಿಲ್ಲ. "ಹೌದಪ್ಪಾ. ಬಾಯಾರಿದ್ರ ಇಳದು ಬಾ, ನಿನಗೊಂದು ಗಲಾಸ ಹಾಕ್ತೀನಿ."

ಲಾರಿ ನಗುತ್ತ ಮುಂದೆ ಹೋಯಿತು. ಅಳುತ್ತಿದ್ದ ನಾದಿನಿಯೂ ಆಗ ನಕ್ಕಳು.

ಡೀಸೆಲ್ ಗಾಡಿ ಒಮ್ಮೆ ಪೂರಾ ಬರಿದಾದರೆ ಟಾಕಿ ತುಂಬಿದ ಮಾತ್ರಕ್ಕೆ ಹೊರಡುವುದಿಲ್ಲ. ಪೈಪುಗಳೊಳಗೆ ಗಾಳಿ ಸೇರಿಕೊಂಡಿರುತ್ತದೆ. ಅಜ್ಜ ಬಾನೆಟ್ ಎತ್ತಿ ಒಂದು ತಿರುಪು ಸಡಿಲಿಸಿದರು. ಅಲ್ಲೇ ಇರುವ ಸಣ್ಣ ಕೈಪಂಪನ್ನು ಒತ್ತುತ್ತ ಹೋದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ನಾದಿನಿ ಬಗ್ಗಿ ನೋಡುತ್ತ, ಅದೇಕೆ ಇದೇಕೆ ಎಂದು ಕೇಳುತ್ತಲೇ ಇದ್ದಳು. ಆ ಅವಸರದಲ್ಲೂ ಅಜ್ಜ ಒಂದೊಂದಕ್ಕೂ ಉತ್ತರ ಕೊಟ್ಟರು. ತಿರುಪು ಬಿಗಿದು ಚಾವಿ ತಿರುಗಿಸಿದಾಗ ಗಾಡಿ ಗುರ್ ಎಂದಿತು. ಆ ಮನುಷ್ಯನ ಬಗ್ಗೆ ನನಗಾದ ಅಭಿಮಾನವನ್ನು ನಾನು ಆಗ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಈಗ ಬರೆದಿದ್ದೇನೆ.

ಗುಲಬರ್ಗಾ ಮುಟ್ಟಿದಾಗ ನಾದಿನಿಯ ಹೆಸರು ಕರೆದು ಮುಗಿದಿತ್ತು. ಬಾಗಿಲಲ್ಲಿ ನಿಂತ ಜವಾನ ಒಳಗೆ ಹೋಗಿ ಕೇಳಿ ಬಂದು, ಕೊನೆಗೆ ಕರೆಯುತ್ತಾರಂತೆ ಎಂದ. ನಾವು ಹೊರಗೆ ಬೇವಿನ ನೆರಳಲ್ಲಿ ಕೂತೆವು. ಅತ್ತೆಯ ಸೆರಗು ಮತ್ತೆ ತಲೆಯ ಮೇಲಿತ್ತು, ಡೀಸೆಲ್ಲಿನಲ್ಲಿ ನೆನೆದು ಕಪ್ಪಾಗಿತ್ತು. ಹತ್ತಿರ ಕೂತವರು ಒಬ್ಬೊಬ್ಬರೇ ಎದ್ದು ದೂರ ಹೋದರು.

ನಾದಿನಿ ಹೊರಬಂದಾಗ ಅವಳ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ.

"ಯಾಕ ತಡ ಅಂತ ಕೇಳಿದ್ರು. ಗಾಡಿ ಕೆಟ್ಟಿತ್ರಿ ಅಂದೆ. ಹ್ಯಾಂಗ ಕೆಡ್ತು, ನಾಕನೇ ಕ್ಲಾಸಿನ ಹುಡುಗರಿಗಿ ತಿಳಿಯಂಗ ಪಾಠಾ ಮಾಡಿ ಹೇಳು ಅಂದ್ರು."

"ಮತ್ತ?" ಎಂದರು ಅಜ್ಜ.

"ಕರಿಹಲಗಿ ಮ್ಯಾಲ ಎರಡೂ ಟಾಕಿ ಚಿತ್ರಾ ತಗದೆ. ಗಾಳಿ ಹ್ಯಾಂಗ ಸೇರ್ತದ, ಹ್ಯಾಂಗ ಹೊರಗ ಹಾಕ್ತಾರ, ಎಲ್ಲಾ ಹೇಳ್ದೆ. ಜ್ವಾಳದ್ದೂ ಹೇಳ್ದೆ. ಅವರು ಭಾಳ ನಕ್ಕರು."

"ಹಾಕಿದಾಕಿ ಯಾರಂತ ಹೇಳೀದೇನು?" ಅತ್ತೆ ಕೇಳಿದರು.

"ಇಲ್ಲವ್ವಾ. ಮನಿ ಹಿರೇರು ಅಂದೆ."

"ಹೇಳಬೇಕಿತ್ತು. ನಿನಗ ಪಾಠಾ ಹುಡುಕಿ ಕೊಟ್ಟಾಕಿ ನಾನು."

ಅವಳಿಗೆ ಸೀಟು ಸಿಕ್ಕಿತು. ಅಜ್ಜ ಮೇಲಿನ ಟಾಕಿಯನ್ನು ತೊಳೆಸಿ, ಪೈಪಿನ ಬಾಯಿಗೆ ಸಣ್ಣ ತಂತಿ ಜಾಲರಿ ಕೂರಿಸಿದರು. ಸೊಲ್ಲಾಪುರಕ್ಕೂ ಹೈದರಾಬಾದಿಗೂ ಗಾಡಿ ವರ್ಷಗಟ್ಟಲೆ ಒಂದು ಸಲವೂ ಕೈಕೊಡದೆ ಓಡಿತು. ಏನಾಗಿತ್ತು ಎಂದು ಬೇರೆ ಗಾಡಿಯವರು ಕೇಳಿದರೆ, "ಕಸ ಸಿಕ್ಕಿತ್ತು" ಎಂದಷ್ಟೇ ಹೇಳುತ್ತಿದ್ದರು.

ಆಯ್ಕೆಯ ಸುದ್ದಿ ಕೇಳಿ ಹಳ್ಳಿಖೇಡದ ಮಾವ ಬಂದರು. ತರಬೇತಿ ಮುಗಿದ ಮೇಲಾದರೂ ಹುಡುಗಿಯನ್ನು ಕೊಡುವ ಮಾತಾಡೋಣ ಎಂದರು. ಅತ್ತೆ ತಮ್ಮನಿಗೆ ಚಹಾ ಕೊಟ್ಟು, ಸೆರಗು ಸರಿಮಾಡಿಕೊಂಡರು.

"ಮಾತು ಒಂದೇ ಸಲ ಆಗಿತ್ತು ತಮ್ಮಾ. ಹುಡುಗಿ ಗೆದ್ದಾಳ. ಚಹಾ ಆರ್ತದ, ಕುಡಿ."

ಮಾವ ಕುಡಿದರು. ಹೊರಟಾಗ ಬಸ್ಸಿರಲಿಲ್ಲ. ನಿಮ್ಮ ಅಜ್ಜ ಅವರನ್ನು ಪಿಕಪ್ಪಿನಲ್ಲಿ ಮುಂದೆ ಕೂರಿಸಿಕೊಂಡು ಹಳ್ಳಿಖೇಡದ ಮನೆ ಬಾಗಿಲಿಗೇ ಬಿಟ್ಟು ಬಂದರು. ದಾರಿಯುದ್ದಕ್ಕೂ ತಂಗಿ ಮಾಡಿದ ಪಾಠವನ್ನು ಮಾವನಿಗೆ ಪೂರ್ತಿ ಒಪ್ಪಿಸಿದರಂತೆ.