ಹುಲ್ಲಿನ ಗೊಂಬೆಗೆ ಮಣ್ಣು

ನನ್ನ ಮದುವೆಯ ದಿನ ಅಜ್ಜಿಯನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಅರಿಸಿನ ಹಚ್ಚಿದರೆ ಅವಳೇ ಹಚ್ಚಬೇಕು ಎಂದು ಹಟ ಹಿಡಿದೆ. ಅಜ್ಜಿಯ ಮೈದುನ, ನಮ್ಮ ಚಿಕ್ಕಜ್ಜ, ಬಾಗಿಲಿಗೆ ಅಡ್ಡ ನಿಂತು, "ಮುಂಡೆ ಕೈ ತಾಗಿದ್ರೆ ಒಳ್ಳೇದಾಗಲ್ಲ, ಸುಮ್ನೆ ಕುಂತ್ಕೋ" ಅಂದ. ಆತನಿಗೆ ಬಹುವಚನ ಕೊಡಲು ನನ್ನ ನಾಲಿಗೆ ಇವತ್ತಿಗೂ ಒಪ್ಪುವುದಿಲ್ಲ.

ಅಜ್ಜಿ ಮುಂಡೆ ಎಂದು ತೀರ್ಮಾನಿಸಿದವರಾದರೂ ಯಾರು? ಅಜ್ಜ ಹಿಂದಿನ ಜರ್ಮನ್ ಯುದ್ಧದಲ್ಲಿ ಕುದುರೆ ನೋಡಿಕೊಳ್ಳುವ ಆಳಾಗಿ ದಂಡಿನ ಜೊತೆ ಹೋದವನು. ಹಡಗು ಮುಳುಗಿತಂತೆ ಎಂದು ಜಗಳೂರು ಸಂತೆಯಲ್ಲಿ ಯಾರೋ ಅಂದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಮಕ್ಕಳಿಗೆ ಬುದ್ಧಿ ಹೇಳುವ ಜನವೇ ಆ ಗಾಳಿಮಾತನ್ನು ನಂಬಿತು. ಹೆಣ ಸಿಗದವರಿಗೆ ಮಾಡುವಂತೆ ಹುಲ್ಲಿನ ಗೊಂಬೆ ಕಟ್ಟಿ, ಅವನ ಪಂಚೆ ಸುತ್ತಿ, ಸೊಕ್ಕೆಯ ನಮ್ಮ ಹೊಲದಲ್ಲಿ ಮಣ್ಣು ಮಾಡಿದರು. ಅಜ್ಜಿಯ ಬಳೆ ಒಡೆದು ತಾಳಿ ತೆಗೆದರು.

ನನ್ನನ್ನು ಕೊಟ್ಟಿದ್ದು ನ್ಯಾಮತಿಗೆ. ಆಗ ಎರಡನೆಯ ಯುದ್ಧ ನಡೆಯುತ್ತಿತ್ತು. ದಂಡಿಗೆ ಜನ ಸೇರಿಸಿಕೊಳ್ಳುವವರು ಹೊನ್ನಾಳಿಗೆ ಬಂದಾಗ ನಮ್ಮ ಮನೆಯವರು ನೋಡಲು ಹೋಗಿದ್ದರು. ಅಲ್ಲಿ ನಲ್ಲೂರಿನ ಮುದುಕನೊಬ್ಬ ಹಿಂದಿನ ಯುದ್ಧದ ಕಥೆ ಹೇಳುತ್ತಾ, ತನ್ನ ಜೊತೆ ಸೊಕ್ಕೆಯವನೊಬ್ಬ ಕುದುರೆ ನೋಡಿಕೊಳ್ಳುತ್ತಿದ್ದ ಅಂದನಂತೆ. ಮರುದಿನವೇ ನಲ್ಲೂರಿಗೆ ಗಾಡಿ ಕಟ್ಟಿಸಿದೆ.

ಮುದುಕ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅಜ್ಜನ ಹೆಸರು ಹೇಳಿದೆ.

"ಹಣೆ ಮೇಲೆ ಎತ್ತು ತಿವಿದ ಗಾಯ ಇತ್ತೇನವ್ವ?"

ಇತ್ತೆಂದು ಅಜ್ಜಿ ಹೇಳಿದ್ದಳು. ಹೂಂ ಅಂದೆ.

"ಅವನು ಯುದ್ಧದಾಗೆ ಸತ್ತಿಲ್ಲ ಕಣವ್ವ. ಇಬ್ರೂ ಒಟ್ಟಿಗೇ ವಾಪಸ್ ಬಂದ್ವಿ. ಊರಿಗೆ ಅಂತ ಹೋದೋನು ನಾಕು ದಿನಕ್ಕೆ ನಮ್ಮನಿಗೆ ಬಂದ. 'ನನ್ನ ಮಣ್ಣು ಮಾಡಿ ಮುಗಿಸ್ಯಾರೆ, ಊರ ಬಾಗಿಲಾಗೇ ತಮ್ಮ ತಡೆದ, ಸತ್ತೋನಿಗೆ ಮನೆ ಎಲ್ಲೈತೆ' ಅಂದ. ಬೊಂಬಾಯಿಗೆ ಹೋಗಿ ಆಫ್ರಿಕಾದ ಹಡಗು ಹತ್ತೀನಿ ಅಂತ ಹೊಂಟ. ಹತ್ತಿದ್ನೋ ಇಲ್ಲೋ, ನನಗೆ ಗೊತ್ತಿಲ್ಲ."

ಅಳು ಬರಲಿಲ್ಲ ನನಗೆ, ಮೈಯೆಲ್ಲ ಉರಿದುಹೋಯಿತು. ಅಣ್ಣ ಬದುಕಿದ್ದಾನೆಂದು ಕಣ್ಣಾರೆ ಕಂಡವನು ಇಷ್ಟು ವರ್ಷ ಅತ್ತಿಗೆಯನ್ನು ಮುಂಡೆ ಎಂದು ಕರೆದಿದ್ದ. ಕರೆದೂ ಅವಳ ಕೈಯ ಅನ್ನವನ್ನೇ ಉಂಡಿದ್ದ.

ಸೊಕ್ಕೆಗೆ ಹೋದವಳು ಕಾಲು ಕೂಡ ತೊಳೆಯಲಿಲ್ಲ. ಅಜ್ಜಿಯ ಎದುರೇ ನಲ್ಲೂರಿನ ಮುದುಕ ಹೇಳಿದ್ದನ್ನೆಲ್ಲ ಹೇಳಿ, ಹೌದೋ ಅಲ್ಲೋ ಎಂದು ಚಿಕ್ಕಜ್ಜನನ್ನು ಕೇಳಿದೆ.

ಅವನು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದ. "ಹೌದು. ಮಣ್ಣು ಮಾಡಿಸ್ಕೊಂಡೋನು ತಿರುಗಿ ಮನೆ ಹೊಕ್ರೆ ಇನ್ನೊಂದು ಹೆಣ ಬೀಳ್ತೈತೆ ಅಂತಾರೆ. ನಿಮ್ಮಪ್ಪ ಆಗ ಸಣ್ಣ ಹುಡುಗ, ಜ್ವರ ಬಂದು ಕಣ್ಣು ಬಿಡದಂಗೆ ಮಲಗಿದ್ದ. ನಾನು ಏನು ಮಾಡ್ಲಿ?"

"ಅಜ್ಜಿನ ಒಂದು ಮಾತು ಕೇಳಾಕೆ ಏನಾಗಿತ್ತು ನಿನಗೆ? ಗಂಡ ಅವಳ್ದು, ಮಗ ಅವಳ್ದು. ನಿನ್ನ ಬಾಯಿಗೆ ಹುಳ ಬೀಳ" ಎಂದು ಬೈದೆ. ಹಿರಿಯರಿಗೆ ಹಾಗೆ ಅನ್ನಬಾರದಂತೆ. ಅಂದೆ, ಇನ್ನೂ ಅನ್ನುವವಳಿದ್ದೆ.

ಅಜ್ಜಿ ನನ್ನ ತೋಳು ಹಿಡಿದು ಸುಮ್ಮನಾಗಿಸಿದಳು. ಅವನನ್ನು ಕೇಳಿದಳು, "ಅವತ್ತು ನಾನು ಎಲ್ಲಿದ್ದೆ?"

"ಒಲೆ ಮುಂದೆ ಇದ್ದೆ ಅತ್ತಿಗೆ. ದಾರೀಲಿ ಯಾರೋ ಹಸಿದು ಕುಂತವ್ನೆ ಅಂತ ನಿನ್ನ ಹತ್ರ ರೊಟ್ಟಿ ಇಸ್ಕೊಂಡು ಹೋದೆ. ಅಣ್ಣಂಗೇ ಅದು."

"ಉಂಡನಾ?"

"ಉಂಡ. ಬಾಯಿಗಿಟ್ಟ ಕೂಡ್ಲೆ, ಇದು ಅವಳ ಕೈದು ಅಂದ."

ಅಜ್ಜಿ ಎದ್ದು ಒಳಗೆ ಹೋದಳು. ಆಮೇಲೆ ಸಾಯುವ ತನಕ ಅವನಿಗೆ ಒಂದು ರೊಟ್ಟಿ ಬಡಿದು ಹಾಕಲಿಲ್ಲ. ಯಾರಾದರೂ ಕೇಳಿದರೆ, ಹಸಿದ್ರೆ ಊರ ಬಾಗಿಲಿಗೆ ಹೋಗಿ ಕುಂತ್ಕೊಳ್ಳಾಕೆ ಹೇಳ್ರಿ ಅನ್ನುತ್ತಿದ್ದಳು.